‘ಸಬ್ಮಿಟ್’ ಒತ್ತಿದ ಮೇಲೆ ನಿಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ?

“ಕೂಡಲೇ ಈ ಲಿಂಕ್ ಒತ್ತಿ, ಫಾರ್ಮ್ ತುಂಬಿ. ಇಂದೇ ಕೊನೆಯ ದಿನ. ಕನಿಷ್ಠ 10 ಗುಂಪುಗಳಿಗೆ ಕಳುಹಿಸಿ.”

ಇಂಥದ್ದೊಂದು ಸಂದೇಶ ನಿಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಬಂದಿರುತ್ತದೆ. ಉಚಿತ ಲ್ಯಾಪ್‌ಟಾಪ್, ಹೊಲಿಗೆ ಯಂತ್ರ, ವಿದ್ಯಾರ್ಥಿವೇತನ, ಮೂರು ತಿಂಗಳ ರೀಚಾರ್ಜ್ – ಹೆಸರು ಬದಲಾಗುತ್ತದೆ, ಫಾರ್ಮ್ ಮಾತ್ರ ಒಂದೇ ತರಹ. ಹೆಸರು, ಮೊಬೈಲ್ ಸಂಖ್ಯೆ, ಹುಟ್ಟಿದ ದಿನಾಂಕ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ. ಎಲ್ಲ ತುಂಬಿ ಸಬ್ಮಿಟ್ ಒತ್ತಿದರೆ ಹಸಿರು ಟಿಕ್ ಮಾರ್ಕ್ ಬರುತ್ತದೆ: “ನಿಮ್ಮ ಮಾಹಿತಿಯನ್ನು ಯಶಸ್ವಿಯಾಗಿ ಉಳಿಸಲಾಗಿದೆ”.

ಎಲ್ಲಿ ಉಳಿಸಲಾಗಿದೆ? ಯಾರ ಬಳಿ? ನಂತರ ಬೇಡ ಅನಿಸಿದರೆ ಅಳಿಸಬಹುದೇ? ಫಾರ್ಮ್ ತುಂಬುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಉತ್ತರ ತಿಳಿಯಲು ಕಂಪ್ಯೂಟರ್ ಓದಿರಬೇಕಾಗಿಲ್ಲ. ಒಂದು ಫಾರ್ಮ್ ಡೇಟಾಬೇಸ್ ಸೇರುವವರೆಗೆ ನಡೆಯುವುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಬ್ರೌಸರ್ ಕಟ್ಟುವ ಗಂಟು

ಫಾರ್ಮ್‌ನಲ್ಲಿ ಕಾಣುವ ಪ್ರತಿ ಖಾಲಿ ಜಾಗಕ್ಕೂ ಒಳಗೊಳಗೇ ಒಂದು ಹೆಸರಿರುತ್ತದೆ. ನೀವು ಸಬ್ಮಿಟ್ ಒತ್ತಿದಾಗ ಬ್ರೌಸರ್ ಆ ಹೆಸರುಗಳನ್ನೂ ನೀವು ಬರೆದ ಉತ್ತರಗಳನ್ನೂ ಜೋಡಿ ಮಾಡಿ, ಒಂದೇ ಗಂಟಾಗಿ ಕಟ್ಟಿ, ದೂರದಲ್ಲಿರುವ ಸರ್ವರ್ ಎಂಬ ಕಂಪ್ಯೂಟರ್‌ಗೆ ಕಳುಹಿಸುತ್ತದೆ.

ಕಳುಹಿಸಲು ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದರ ಹೆಸರು ‘ಗೆಟ್’, ಇನ್ನೊಂದು ‘ಪೋಸ್ಟ್’. ಗೆಟ್ ಎಂದರೆ ಪೋಸ್ಟ್‌ಕಾರ್ಡ್ ಇದ್ದ ಹಾಗೆ. ನೀವು ಬರೆದದ್ದೆಲ್ಲ ವೆಬ್ ವಿಳಾಸದ ಬಾಲಕ್ಕೆ ಅಂಟಿಕೊಂಡು ಹೋಗುತ್ತದೆ. ಗೂಗಲ್‌ನಲ್ಲಿ ಏನನ್ನಾದರೂ ಹುಡುಕಿ, ಮೇಲಿನ ವಿಳಾಸಪಟ್ಟಿ ನೋಡಿ. ಪ್ರಶ್ನೆ ಚಿಹ್ನೆಯ ನಂತರ ನೀವು ಹುಡುಕಿದ ಪದವೇ ಕಾಣುತ್ತದೆ. ಪೋಸ್ಟ್ ಎಂದರೆ ಲಕೋಟೆ. ಮಾಹಿತಿ ವಿಳಾಸದಲ್ಲಿ ಕಾಣುವುದಿಲ್ಲ, ಒಳಗೆ ಹೋಗುತ್ತದೆ.

ಹುಡುಕಾಟಕ್ಕೆ ಪೋಸ್ಟ್‌ಕಾರ್ಡ್ ಸಾಕು. ಆಧಾರ್ ಸಂಖ್ಯೆಗೆ ಸಾಲದು. ಏಕೆಂದರೆ ವಿಳಾಸದಲ್ಲಿರುವುದು ಬ್ರೌಸರ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ, ಸರ್ವರ್‌ನ ದಿನಚರಿಯಲ್ಲೂ ದಾಖಲಾಗುತ್ತದೆ. ನೀವು ಆ ಲಿಂಕನ್ನು ಯಾರಿಗಾದರೂ ಕಳುಹಿಸಿದರೆ ಅದರ ಜೊತೆಗೇ ನಿಮ್ಮ ವಿವರವೂ ಹೋಗುತ್ತದೆ. ಆದ್ದರಿಂದ ಫಾರ್ಮ್ ತುಂಬಿದ ಮೇಲೆ ತೆರೆದ ಪುಟದ ಲಿಂಕನ್ನು ಹಾಗೇ ಕಾಪಿ ಮಾಡಿ ಗುಂಪಿಗೆ ಹಾಕಬೇಡಿ. ವಿಳಾಸ ವಿಪರೀತ ಉದ್ದವಾಗಿದ್ದು, ಅದರಲ್ಲಿ ನಿಮ್ಮ ಹೆಸರು ಅಥವಾ ಮೊಬೈಲ್ ಸಂಖ್ಯೆ ಕಂಡರಂತೂ ಖಂಡಿತ ಬೇಡ.

ಹಂತ 2: ದಾರಿಯಲ್ಲಿ ಬೀಗ

“ವಿಳಾಸದ ಪಕ್ಕ ಬೀಗದ ಚಿತ್ರವಿದೆ, ಹಾಗಾಗಿ ಸೈಟ್ ಅಸಲಿ” ಎಂಬ ಮಾತನ್ನು ನೀವು ಕೇಳಿರಬಹುದು. ಇದು ಅರ್ಧ ಸತ್ಯ.

ಬೀಗ ಹೇಳುವುದು ಇಷ್ಟೇ: ನಿಮ್ಮ ಮೊಬೈಲ್‌ನಿಂದ ಆ ಸರ್ವರ್‌ವರೆಗಿನ ದಾರಿಯಲ್ಲಿ ನಡುವೆ ಯಾರೂ ನಿಮ್ಮ ಮಾಹಿತಿಯನ್ನು ಓದಲಾರರು. ಬಸ್ ನಿಲ್ದಾಣದ ಉಚಿತ ವೈಫೈ ಬಳಸುವಾಗ ಇದು ದೊಡ್ಡ ರಕ್ಷಣೆಯೇ ಸರಿ. ಆದರೆ ದಾರಿಯ ಕೊನೆಯಲ್ಲಿ ಕುಳಿತವನು ಪ್ರಾಮಾಣಿಕನೋ ಕಳ್ಳನೋ ಎಂಬುದನ್ನು ಬೀಗ ಹೇಳುವುದಿಲ್ಲ. ಈ ಬೀಗಕ್ಕೆ ಬೇಕಾದ ಪ್ರಮಾಣಪತ್ರ ಇಂದು ಯಾರಿಗೆ ಬೇಕಾದರೂ ಉಚಿತವಾಗಿ, ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಮೋಸದ ಸೈಟಿಗೂ ಸಿಗುತ್ತದೆ. ಜನ ಬೀಗವನ್ನು ನಂಬಿಕೆಯ ಗುರುತೆಂದು ತಪ್ಪು ತಿಳಿಯುತ್ತಿದ್ದ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರ್‌ನಿಂದ ಆ ಚಿತ್ರವನ್ನು ತೆಗೆದು ಬೇರೆ ಚಿಹ್ನೆ ಹಾಕಿತು.

ಹಾಗಾದರೆ ನೋಡಬೇಕಾದ್ದು ಯಾವುದನ್ನು? ವಿಳಾಸವನ್ನು. ಅದರಲ್ಲೂ ಮೊದಲ ಓರೆಗೆರೆಗೆ ಮುಂಚಿನ ಕೊನೆಯ ಭಾಗವನ್ನು. ಕರ್ನಾಟಕ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನ ವಿಳಾಸ ಆ ಜಾಗದಲ್ಲಿ ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ‘ಡಾಟ್ ಜಿಒವಿ ಡಾಟ್ ಇನ್’ ಎಂಬುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಮೀಸಲು. ‘ಕರ್ನಾಟಕ-ಯೋಜನೆ ಡಾಟ್ ಎಕ್ಸ್‌ವೈಝಡ್’ ಎಂಬಂಥ ಹೆಸರನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ವಿಳಾಸದ ಮುಂಭಾಗದಲ್ಲಿ ‘ಕರ್ನಾಟಕ’, ‘ಗವರ್ನಮೆಂಟ್’ ಎಂಬ ಪದಗಳಿದ್ದ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ಮನೆಯ ಗೇಟಿಗೆ ‘ವಿಧಾನಸೌಧ’ ಎಂದು ಬೋರ್ಡ್ ಹಾಕಿಕೊಂಡಷ್ಟೇ ಅದರ ಬೆಲೆ.

ಹಂತ 3: ಬಾಗಿಲಲ್ಲಿ ತಪಾಸಣೆ

ಮೊಬೈಲ್ ಸಂಖ್ಯೆಯಲ್ಲಿ ಒಂಬತ್ತೇ ಅಂಕಿ ಬರೆದರೆ ಕೂಡಲೇ ಕೆಂಪಕ್ಷರದಲ್ಲಿ ತಪ್ಪು ಎಂದು ತೋರಿಸುತ್ತದಲ್ಲ, ಆ ತಪಾಸಣೆ ನಿಮ್ಮ ಬ್ರೌಸರಿನಲ್ಲೇ ನಡೆಯುತ್ತದೆ. ಅದು ನಿಮ್ಮ ಅನುಕೂಲಕ್ಕೆ. ಆದರೆ ಸ್ವಲ್ಪ ತಿಳಿದವರು ಬ್ರೌಸರನ್ನು ಬಿಟ್ಟು ನೇರವಾಗಿ ಸರ್ವರ್‌ಗೆ ಏನನ್ನು ಬೇಕಾದರೂ ಕಳುಹಿಸಬಹುದು. ಆದ್ದರಿಂದ ಒಳ್ಳೆಯ ಸೈಟ್ ಅದೇ ತಪಾಸಣೆಯನ್ನು ಸರ್ವರ್‌ನಲ್ಲಿ ಮತ್ತೊಮ್ಮೆ ಮಾಡುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಮಂಗಳೂರು ಕಡೆಯ ಡಿ’ಸೋಜಾ, ಡಿ’ಮೆಲ್ಲೊ ಮನೆತನದವರಿಗೆ ಇದು ಚೆನ್ನಾಗಿ ಗೊತ್ತು. ಇಂಗ್ಲಿಷಿನಲ್ಲಿ ಹೆಸರು ಬರೆದರೆ ಎಷ್ಟೋ ಫಾರ್ಮ್‌ಗಳು “ವಿಶೇಷ ಚಿಹ್ನೆಗೆ ಅವಕಾಶವಿಲ್ಲ” ಎನ್ನುತ್ತವೆ. ಮೇಲಿನ ಆ ಪುಟ್ಟ ಕೊಕ್ಕೆಗೆ ಕಂಪ್ಯೂಟರ್ ಯಾಕೆ ಹೆದರಬೇಕು?

ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆಯ ಹೆಸರು ಎಸ್‌ಕ್ಯುಎಲ್. ಅದರಲ್ಲಿ ಪದಗಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೆ ಎಂದು ತೋರಿಸಲು ಇದೇ ಕೊಕ್ಕೆಯನ್ನು ಬಳಸುತ್ತಾರೆ. ಹೆಸರಿನ ಮಧ್ಯೆ ಕೊಕ್ಕೆ ಬಂದರೆ, ಬೇಜವಾಬ್ದಾರಿಯಿಂದ ಬರೆದ ಪ್ರೋಗ್ರಾಮ್ “ಹೆಸರು ಇಲ್ಲಿಗೆ ಮುಗಿಯಿತು, ಮುಂದಿನದು ಆದೇಶ” ಎಂದುಕೊಳ್ಳುತ್ತದೆ. ಡಿ’ಸೋಜಾ ಅವರಿಂದ ಏನೂ ಅಪಾಯವಿಲ್ಲ. ಆದರೆ ಕಳ್ಳನೊಬ್ಬ ಹೆಸರಿನ ಜಾಗದಲ್ಲಿ ಕೊಕ್ಕೆ ಹಾಕಿ, ಅದರ ಮುಂದೆ “ಎಲ್ಲರ ವಿವರ ತೋರಿಸು” ಎಂಬ ಅರ್ಥದ ಆದೇಶ ಬರೆದರೆ? ಡೇಟಾಬೇಸ್ ಅದನ್ನೂ ಪಾಲಿಸಿಬಿಡುತ್ತದೆ. ಇದಕ್ಕೆ ಎಸ್‌ಕ್ಯುಎಲ್ ಇಂಜೆಕ್ಷನ್ ಎನ್ನುತ್ತಾರೆ.

ಇದು ಬರೀ ಪುಸ್ತಕದ ಮಾತಲ್ಲ. 2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರಸಂಪರ್ಕ ಕಂಪನಿಯ ಸುಮಾರು 1,57,000 ಗ್ರಾಹಕರ ವಿವರಗಳು ಇದೇ ದಾರಿಯಲ್ಲಿ ಕಳ್ಳತನವಾದವು. ಅವರಲ್ಲಿ 15 ಸಾವಿರಕ್ಕೂ ಹೆಚ್ಚು ಮಂದಿಯ ಬ್ಯಾಂಕ್ ಖಾತೆ ಸಂಖ್ಯೆಗಳೂ ಸೇರಿದ್ದವು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ಕಂಪನಿಗೆ 4 ಲಕ್ಷ ಪೌಂಡ್ ದಂಡ ವಿಧಿಸಿತು.

ಇದಕ್ಕೆ ಮದ್ದು ಹೆಸರಿನಲ್ಲಿ ಕೊಕ್ಕೆಯನ್ನು ನಿಷೇಧಿಸುವುದಲ್ಲ. ಆದೇಶವನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಡೇಟಾಬೇಸ್‌ಗೆ ಕೊಡುವುದು. “ಈ ಡಬ್ಬಿಯಲ್ಲಿ ಏನೇ ಬಂದರೂ ಅದು ಬರೀ ಹೆಸರು, ಆದೇಶವಲ್ಲ” ಎಂದು ಮೊದಲೇ ಹೇಳಿಬಿಡುವ ಈ ಪದ್ಧತಿ ಬಹುಕಾಲದಿಂದ ಇದೆ. ಹಾಗೆ ಮಾಡಿದರೆ ಡಿ’ಸೋಜಾ ಅವರ ಹೆಸರೂ ಸರಿಯಾಗಿ ಉಳಿಯುತ್ತದೆ, ಕಳ್ಳನ ಆಟವೂ ನಡೆಯುವುದಿಲ್ಲ.

ಹಂತ 4: ದೊಡ್ಡ ಖಾತಾ ಪುಸ್ತಕ

ತಪಾಸಣೆ ಮುಗಿದ ಮೇಲೆ ಮಾಹಿತಿ ಡೇಟಾಬೇಸ್ ಸೇರುತ್ತದೆ. ಊರಿನ ಸೊಸೈಟಿಯಲ್ಲಿ ಹಾಲಿನ ಲೆಕ್ಕ ಬರೆಯುವ ಪುಸ್ತಕವನ್ನು ನೆನಪಿಸಿಕೊಳ್ಳಿ: ಅಡ್ಡ ಸಾಲು ಒಬ್ಬ ಸದಸ್ಯನಿಗೆ, ಉದ್ದ ಕಾಲಂ ಒಂದೊಂದು ವಿವರಕ್ಕೆ. ಡೇಟಾಬೇಸ್‌ನ ಕೋಷ್ಟಕವೂ ಹೀಗೇ. ಮಾಹಿತಿಯನ್ನು ಇಂಥ ಕೋಷ್ಟಕಗಳಲ್ಲಿ ಇಟ್ಟು, ಒಂದಕ್ಕೊಂದು ಸಂಬಂಧ ಕಲ್ಪಿಸುವ ವಿಧಾನವನ್ನು ಐಬಿಎಂ ಕಂಪನಿಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದರು. ಬ್ಯಾಂಕ್, ರೈಲ್ವೆ ಟಿಕೆಟ್, ಸರ್ಕಾರಿ ಅರ್ಜಿಗಳ ಹಿಂದೆ ಇಂದಿಗೂ ಹೆಚ್ಚಾಗಿ ಇರುವುದು ಅದೇ ವಿಧಾನ.

ಪ್ರತಿ ಸಾಲಿಗೂ ಬೇರೆ ಯಾರಿಗೂ ಇಲ್ಲದ ಒಂದು ಗುರುತು ಬೇಕು. ಸಾಮಾನ್ಯವಾಗಿ ನಿಮಗೆ ಸಿಗುವ ಅರ್ಜಿ ಸಂಖ್ಯೆಯೇ ಆ ಗುರುತು. “ಈ ಮೊಬೈಲ್ ಸಂಖ್ಯೆ ಈಗಾಗಲೇ ನೋಂದಣಿಯಾಗಿದೆ” ಎಂಬ ಉತ್ತರ ಬರುವುದೂ ಇಲ್ಲಿಂದಲೇ. ಒಂದು ಕಾಲಂನಲ್ಲಿ ಒಂದೇ ಸಂಖ್ಯೆ ಎರಡು ಸಲ ಬರಬಾರದು ಎಂದು ಡೇಟಾಬೇಸ್‌ಗೆ ಮೊದಲೇ ನಿಯಮ ಹಾಕಿರುತ್ತಾರೆ.

“ದಯವಿಟ್ಟು ರಿಫ್ರೆಶ್ ಮಾಡಬೇಡಿ, ಬ್ಯಾಕ್ ಒತ್ತಬೇಡಿ” ಎಂದು ಏಕೆ ಹೇಳುತ್ತಾರೆ? ನಿಮ್ಮ ಒಂದು ಅರ್ಜಿ ಹಲವು ಕೋಷ್ಟಕಗಳಲ್ಲಿ ಸೇರಬೇಕಿರುತ್ತದೆ: ಒಂದರಲ್ಲಿ ನಿಮ್ಮ ವಿವರ, ಇನ್ನೊಂದರಲ್ಲಿ ಕುಟುಂಬದವರದು, ಮತ್ತೊಂದರಲ್ಲಿ ದಾಖಲೆಗಳದು. ಒಳ್ಳೆಯ ವ್ಯವಸ್ಥೆಯಲ್ಲಿ ಎಲ್ಲವೂ ಸೇರುತ್ತವೆ, ಇಲ್ಲವೇ ಯಾವುದೂ ಸೇರುವುದಿಲ್ಲ. ಮಧ್ಯೆ ಕರೆಂಟ್ ಹೋದರೂ ಅರ್ಧ ಅರ್ಜಿ ಉಳಿಯುವುದಿಲ್ಲ. ಆದರೆ ನೀವು ತಾಳ್ಮೆಗೆಟ್ಟು ಎರಡನೇ ಸಲ ಸಬ್ಮಿಟ್ ಒತ್ತಿದರೆ ಅದೇ ಗಂಟು ಎರಡು ಸಲ ಹೊರಡುತ್ತದೆ. ತಡೆಯುವ ನಿಯಮ ಇಲ್ಲದಿದ್ದರೆ ನಿಮ್ಮ ಹೆಸರಿನಲ್ಲಿ ಎರಡು ಅರ್ಜಿಗಳು ಹುಟ್ಟುತ್ತವೆ. ಆದ್ದರಿಂದ ಪುಟ ಸಿಕ್ಕಿಹಾಕಿಕೊಂಡರೆ ಮತ್ತೆ ಒತ್ತುವ ಮೊದಲು ‘ಅರ್ಜಿಯ ಸ್ಥಿತಿ’ ವಿಭಾಗ ಅಥವಾ ಎಸ್ಎಂಎಸ್ ನೋಡಿ. ಅರ್ಜಿ ಸಂಖ್ಯೆ ಬಂದಿದ್ದರೆ ಅದು ಉಳಿದಿದೆ ಎಂದೇ ಅರ್ಥ.

ಕನ್ನಡದಲ್ಲಿ ಹೆಸರು ಬರೆದವರಿಗೆ ಇನ್ನೊಂದು ಅನುಭವ ಆಗಿರಬಹುದು: ಅಕ್ಷರಗಳ ಬದಲು ಸಾಲಾಗಿ ‘?????’ ಕಾಣುವುದು, ಅಥವಾ ಹೆಸರು ಅರ್ಧಕ್ಕೆ ತುಂಡಾಗುವುದು. ಕೋಷ್ಟಕವನ್ನು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಮನಸ್ಸಿನಲ್ಲಿಟ್ಟು ಮಾಡಿದಾಗ ಹೀಗಾಗುತ್ತದೆ. ‘ಕೃಷ್ಣ’ ನಮಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಐದು ಸಂಕೇತಗಳು: ಕ, ೃ, ಷ, ್, ಣ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್‌ನಂತೆ ಒಟ್ಟು 15 ಬೈಟ್ ಜಾಗ ಬೇಕು. ಅದೇ ಹೆಸರು ಇಂಗ್ಲಿಷ್ ಲಿಪಿಯಲ್ಲಿ 7 ಬೈಟ್. ಬೈಟ್ ಎಣಿಸಿ ಜಾಗ ಕೊಟ್ಟ ಕಡೆ ಕನ್ನಡದ ಹೆಸರು ಬೇಗ ತುಂಬಿಹೋಗುತ್ತದೆ. ಇದು ಕನ್ನಡದ ದೋಷವಲ್ಲ, ಕೋಷ್ಟಕ ಮಾಡಿದವರ ದೋಷ. ಸಬ್ಮಿಟ್ ಆದ ಮೇಲೆ ಸಿಗುವ ಪ್ರತಿಯಲ್ಲಿ ನಿಮ್ಮ ಹೆಸರು ಪೂರ್ತಿ ಇದೆಯೇ ಎಂದು ನೋಡಿಕೊಳ್ಳಿ. ಮುಂದೆ ದಾಖಲೆಗಳು ತಾಳೆಯಾಗದೆ ಓಡಾಡುವುದು ತಪ್ಪುತ್ತದೆ.

ಪಾಸ್‌ವರ್ಡ್ ಮಾತ್ರ ಬೇರೆ

ಒಳ್ಳೆಯ ಸೈಟ್ ನಿಮ್ಮ ಪಾಸ್‌ವರ್ಡನ್ನು ಹಾಗೇ ಬರೆದಿಡುವುದಿಲ್ಲ. ಅದನ್ನು ‘ಹ್ಯಾಶ್’ ಮಾಡುತ್ತದೆ. ಅಂದರೆ ಒಂದು ಗಣಿತದ ಗಿರಣಿಗೆ ಹಾಕಿ ಪುಡಿ ಮಾಡುತ್ತದೆ. ರಾಗಿಯಿಂದ ಹಿಟ್ಟು ಮಾಡಬಹುದು, ಹಿಟ್ಟಿನಿಂದ ರಾಗಿ ಮಾಡಲಾಗದು. ಮುಂದಿನ ಸಲ ನೀವು ಪಾಸ್‌ವರ್ಡ್ ಹಾಕಿದಾಗ ಅದನ್ನೂ ಅದೇ ಗಿರಣಿಗೆ ಹಾಕಿ, ಎರಡು ಹಿಟ್ಟುಗಳು ಒಂದೇ ಇವೆಯೇ ಎಂದು ಹೋಲಿಸುತ್ತದೆ. ಹೀಗಾಗಿ ನಿಮ್ಮ ಪಾಸ್‌ವರ್ಡ್ ಏನೆಂದು ಆ ಸೈಟಿಗೂ ಗೊತ್ತಿರುವುದಿಲ್ಲ. ಮರೆತರೆ ಹೊಸದನ್ನು ಇಟ್ಟುಕೊಳ್ಳಿ ಎನ್ನುತ್ತದೆಯೇ ಹೊರತು ಹಳೆಯದನ್ನು ಹೇಳುವುದಿಲ್ಲ.

ಎಲ್ಲರೂ ಹೀಗೆ ಮಾಡುವುದಿಲ್ಲ. 2009ರಲ್ಲಿ ಅಮೆರಿಕದ ರಾಕ್‌ಯೂ ಎಂಬ ಕಂಪನಿಯ ಡೇಟಾಬೇಸ್ ಸೋರಿದಾಗ 3.2 ಕೋಟಿಗೂ ಹೆಚ್ಚು ಖಾತೆಗಳ ಪಾಸ್‌ವರ್ಡ್‌ಗಳು ಓದುವ ರೂಪದಲ್ಲೇ ಹೊರಬಂದವು. ಯಾವುದಾದರೂ ಸೈಟ್ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳುಹಿಸಿದರೆ, ಅಲ್ಲಿ ಅದು ಹ್ಯಾಶ್ ಆಗಿಲ್ಲ ಎಂದು ತಿಳಿಯಿರಿ. ಆ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ.

ನಾಲ್ಕು ತಪ್ಪು ನಂಬಿಕೆಗಳು

“ಸಬ್ಮಿಟ್ ಒತ್ತದಿದ್ದರೆ ಏನೂ ಹೋಗಿರುವುದಿಲ್ಲ.”
ಹಾಗೆ ಹೇಳಲಾಗದು. ನೀವು ಅಕ್ಷರ ಒತ್ತುತ್ತಿದ್ದಂತೆಯೇ ಅದನ್ನು ಓದಿ ಕಳುಹಿಸುವ ಪ್ರೋಗ್ರಾಮನ್ನು ಪುಟದಲ್ಲಿ ಇಡಬಹುದು. ಯುರೋಪಿನ ವಿಶ್ವವಿದ್ಯಾಲಯಗಳ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಗತ್ತಿನ 1 ಲಕ್ಷ ಜನಪ್ರಿಯ ಸೈಟ್‌ಗಳನ್ನು ಪರೀಕ್ಷಿಸಿದರು. ಅಮೆರಿಕದಿಂದ ತೆರೆದಾಗ 2,950 ಸೈಟ್‌ಗಳಲ್ಲಿ, ಯುರೋಪಿನಿಂದ ತೆರೆದಾಗ 1,844 ಸೈಟ್‌ಗಳಲ್ಲಿ, ಸಬ್ಮಿಟ್ ಮಾಡುವ ಮೊದಲೇ ಇಮೇಲ್ ವಿಳಾಸ ಜಾಹೀರಾತು ಮತ್ತು ಟ್ರ್ಯಾಕಿಂಗ್ ಕಂಪನಿಗಳಿಗೆ ಹೋಗುತ್ತಿತ್ತು. ಅನುಮಾನ ಬಂದರೆ ಟೈಪ್ ಮಾಡುವ ಮೊದಲೇ ನಿಲ್ಲಿಸಿ.

“ಇನ್‌ಕಾಗ್ನಿಟೊದಲ್ಲಿ ತುಂಬಿದರೆ ಯಾರಿಗೂ ಗೊತ್ತಾಗುವುದಿಲ್ಲ.”
ಇನ್‌ಕಾಗ್ನಿಟೊ ನಿಮ್ಮ ಮೊಬೈಲ್‌ನಲ್ಲಿ ಹಿಸ್ಟರಿ ಉಳಿಯದಂತೆ ಮಾಡುತ್ತದೆ, ಅಷ್ಟೇ. ನೀವು ಕಳುಹಿಸಿದ ಫಾರ್ಮ್ ಅಲ್ಲಿನ ಡೇಟಾಬೇಸ್‌ನಲ್ಲಿ ಇದ್ದೇ ಇರುತ್ತದೆ.

“ಮೆಸೇಜ್ ಡಿಲೀಟ್ ಮಾಡಿದೆ, ಸರಿಹೋಯಿತು.”
ಡಿಲೀಟ್ ಆದದ್ದು ಲಿಂಕ್ ಮಾತ್ರ. ನಿಮ್ಮ ಸಾಲು ಅವರ ಕೋಷ್ಟಕದಲ್ಲಿದೆ, ಅದರ ನಕಲು ಬ್ಯಾಕಪ್‌ನಲ್ಲೂ ಇರಬಹುದು. ಎಷ್ಟೋ ಸೈಟ್‌ಗಳಲ್ಲಿ ‘ಖಾತೆ ಅಳಿಸಿ’ ಎಂದು ನೀವೇ ಒತ್ತಿದರೂ ಸಾಲಿನ ಪಕ್ಕ ‘ಅಳಿಸಲಾಗಿದೆ’ ಎಂದು ಗುರುತು ಹಾಕುತ್ತಾರೆ. ಸಾಲು ಅಲ್ಲೇ ಇರುತ್ತದೆ.

“ಗೂಗಲ್ ಫಾರ್ಮ್ ಅಂದರೆ ಗೂಗಲ್‌ನದ್ದೇ, ನಂಬಬಹುದು.”
ಗೂಗಲ್ ಕೊಡುವುದು ಖಾಲಿ ಹಾಳೆಯನ್ನು ಮಾತ್ರ. ಫಾರ್ಮ್ ಮಾಡಿದವರು ಯಾರೋ, ಉತ್ತರಗಳು ತಲುಪುವುದು ಅವರಿಗೇ. ಅವರು ಆ ಪಟ್ಟಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಗೂಗಲ್ ಫಾರ್ಮ್‌ಗಳ ಕೆಳಗೆ ಪಾಸ್‌ವರ್ಡ್ ಕೊಡಬೇಡಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದೂ ಇದಕ್ಕೇ.

‘10 ಗುಂಪುಗಳಿಗೆ ಕಳುಹಿಸಿ’ ಎಂಬ ಆಟ

ಮೋಸದ ಪುಟಗಳಲ್ಲಿ ಸಬ್ಮಿಟ್ ನಂತರ ಒಂದು ಪಟ್ಟಿ ಬರುತ್ತದೆ. ಒಂದೊಂದು ಸಲ ಹಂಚಿದಾಗಲೂ ನೀಲಿ ಗೆರೆ ಮುಂದೆ ಹೋಗುತ್ತದೆ. ತುಂಬಿದರೆ ಬಹುಮಾನ ಎನ್ನುತ್ತದೆ. ನೀವು ವಾಟ್ಸ್ಆ್ಯಪ್‌ನಲ್ಲಿ ಯಾರಿಗೆ ಕಳುಹಿಸಿದಿರಿ, ಕಳುಹಿಸಿದಿರೋ ಇಲ್ಲವೋ ಎಂಬುದು ಆ ಪುಟಕ್ಕೆ ತಿಳಿಯುವುದೇ ಇಲ್ಲ. ಅದು ಎಣಿಸುವುದು ಗುಂಡಿ ಒತ್ತಿದ್ದನ್ನು ಮಾತ್ರ. ಯಾರಿಗೂ ಕಳುಹಿಸದೆ ಹಿಂದಕ್ಕೆ ಬಂದರೂ ಗೆರೆ ಮುಂದೆ ಹೋಗುತ್ತದೆ. ಬಹುಮಾನ ಮೊದಲಿನಿಂದಲೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕೋಷ್ಟಕದಲ್ಲಿ ಇನ್ನಷ್ಟು ಸಾಲುಗಳು. ಅಪರಿಚಿತ ಸಂಖ್ಯೆಯಿಂದ ಬಂದ ಲಿಂಕನ್ನು ಜನ ಒತ್ತುವುದಿಲ್ಲ, ಅಕ್ಕ ಅಥವಾ ಚಿಕ್ಕಪ್ಪ ಕಳುಹಿಸಿದರೆ ಒತ್ತುತ್ತಾರೆ. ಆ ನಂಬಿಕೆಯನ್ನೇ ಅವರು ನಿಮ್ಮಿಂದ ಎರವಲು ಪಡೆಯುತ್ತಾರೆ.

ಈಗಾಗಲೇ ತುಂಬಿದ್ದರೆ ಏನು ಮಾಡಬೇಕು?

ನಾಚಿಕೆಪಟ್ಟು ಸುಮ್ಮನಿರಬೇಡಿ. ಏನೇನು ಕೊಟ್ಟಿದ್ದೀರಿ ಎಂದು ಮೊದಲು ಪಟ್ಟಿ ಮಾಡಿ.

ಕಾರ್ಡ್ ಸಂಖ್ಯೆ, ಪಿನ್ ಅಥವಾ ಒಟಿಪಿ ಕೊಟ್ಟಿದ್ದರೆ ಕೂಡಲೇ ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ. ಹಣ ಹೋಗಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನು ಬಳಸಿರುವ ಎಲ್ಲ ಕಡೆಯೂ ಬದಲಿಸಿ.

ಆಧಾರ್ ಸಂಖ್ಯೆ ಕೊಟ್ಟಿದ್ದರೆ ಎಂಆಧಾರ್ ಆ್ಯಪ್‌ನಲ್ಲಿ ಬೆರಳಚ್ಚು ಮತ್ತು ಕಣ್ಣಿನ ಗುರುತಿಗೆ ಲಾಕ್ ಹಾಕಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿ. ಮುಂದೆ ಆಧಾರ್ ಪ್ರತಿ ಕೊಡಬೇಕಾದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ನಡೆಯುತ್ತದೆಯೇ ಎಂದು ಕೇಳಿ.

ಗುಂಪಿಗೆ ಲಿಂಕ್ ಹಾಕಿದ್ದರೆ ಅದೇ ಗುಂಪಿನಲ್ಲಿ “ನಾನು ಕಳುಹಿಸಿದ ಲಿಂಕ್ ಮೋಸದ್ದು, ತುಂಬಬೇಡಿ” ಎಂದು ಬರೆಯಿರಿ. ಲಿಂಕನ್ನು ಅಳಿಸುವುದಷ್ಟೇ ಸಾಲದು. ಅಷ್ಟರಲ್ಲಿ ಯಾರಾದರೂ ಅದನ್ನು ಮುಂದಕ್ಕೆ ಕಳುಹಿಸಿರಬಹುದು.

ಇನ್ನು ಅಸಲಿ ಸಂಸ್ಥೆಗಳ ವಿಷಯ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ನಿಮ್ಮ ಯಾವ ಮಾಹಿತಿ ತಮ್ಮ ಬಳಿ ಇದೆ ಎಂದು ತಿಳಿಯುವ, ತಿದ್ದಿಸುವ, ಅಳಿಸಲು ಕೇಳುವ ಹಕ್ಕನ್ನು ನಿಮಗೆ ಕೊಡುತ್ತದೆ. ಮಾಹಿತಿಗೆ ತಕ್ಕ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆದರೆ ಈ ಹಕ್ಕು ಕೇಳಬೇಕಾದರೆ ಎದುರಿಗೆ ಹೆಸರು, ವಿಳಾಸ ಇರುವ ಸಂಸ್ಥೆಯೊಂದು ಇರಬೇಕು. ಫಾರ್ವರ್ಡ್ ಲಿಂಕಿನ ಹಿಂದೆ ಕುಳಿತವನಿಗೆ ಯಾವ ಅರ್ಜಿಯೂ ತಲುಪುವುದಿಲ್ಲ.

ಆದ್ದರಿಂದ ಮುಂದಿನ ಸಲ ಫಾರ್ಮ್ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ವಿಳಾಸದ ಕೊನೆಯಲ್ಲಿ ಏನಿದೆ? ಕೇಳಿರುವ ವಿವರ ಆ ಕೆಲಸಕ್ಕೆ ನಿಜಕ್ಕೂ ಬೇಕೇ? ನಾಳೆ ತೊಂದರೆಯಾದರೆ ಯಾರ ಬಾಗಿಲು ತಟ್ಟುವುದು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ತುಂಬಲೂ ಬೇಡಿ, ಮುಂದಕ್ಕೆ ಕಳುಹಿಸಲೂ ಬೇಡಿ. ಬದಲಿಗೆ ಆ ಲಿಂಕ್ ಕಳುಹಿಸಿದವರಿಗೆ ಒಂದು ಫೋನ್ ಮಾಡಿ. ಬಹುಶಃ ಅವರು ಈಗಾಗಲೇ ತುಂಬಿರುತ್ತಾರೆ, 1930ರ ವಿಷಯ ಅವರಿಗೆ ಗೊತ್ತಿಲ್ಲದೆಯೂ ಇರಬಹುದು.